ಶೆಟ್ಟೆವ್ವನ ಸಹಿ

ಮಗಳೇ ಯಶೋಧಾ,

ದಾನಮ್ಮನನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಶಾಲೆಗೆ ಹೊರಟಿದ್ದೇನೆ. ಹೊಲದಿಂದ ಬಂದು ಗಾಬರಿಯಾಗಬೇಡ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೇವೆ.

“ಅಜ್ಜಾರ, ಕಾಲಾಗ ಬಲ ಇಲ್ಲದ ಹುಡುಗಿ, ಮನ್ಯಾಗ ಇರ್ಲಿ ಬಿಡ್ರಿ. ವಾರಕ್ಕೊಮ್ಮೆ ನಾವ ಬಂದು ಕಲಸ್ತೇವಿ” ಎಂದಿದ್ದ ಮಾಸ್ತರ ಒಂದು ದಿನವೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಿನ್ನೆ ಅವರ ಹಾಜರಿ ಪುಸ್ತಕ ನೋಡಿದೆ. ಪ್ರತಿ ವಾರವೂ ಬಂದು ಕಲಿಸಿದ್ದಾರಂತೆ. ಕೆಳಗೆ ನಿನ್ನ ಅತ್ತೆಯ ಸಹಿ. ಶ್ರಾವಣದಲ್ಲಿ ನಾವು ಮಣ್ಣು ಮಾಡಿದ ಶೆಟ್ಟೆವ್ವ ದೀಪಾವಳಿಯ ನಂತರವೂ ಸಹಿ ಮಾಡಿದ್ದಾಳೆ! ಬದುಕಿದ್ದಾಗ ಹೆಬ್ಬೆಟ್ಟು ಒತ್ತುತ್ತಿದ್ದವಳು.

ಟ್ರಂಕಿನಲ್ಲಿದ್ದ ಅವಳ ಮರಣ ಪ್ರಮಾಣಪತ್ರ ನನ್ನ ಕಿಸೆಯಲ್ಲಿದೆ, ಹುಡುಕಬೇಡ. ದಾನಮ್ಮನನ್ನು ತರಗತಿಯಲ್ಲಿ ಕೂಡಿಸುವವರೆಗೆ ಶಾಲೆಯ ಕಟ್ಟೆ ಬಿಟ್ಟು ಏಳುವುದಿಲ್ಲ. ಲಿಂಗಪೂಜೆಯಲ್ಲಿ ಶಿವನಿಗೂ ಇದನ್ನೇ ಹೇಳಿದ್ದೇನೆ.

ಸಂಜೆ ಅತ್ತೆಯ ಫೋಟೋದ ಮುಂದೆ ನೀನೇ ದೀಪ ಹಚ್ಚು. “ಮೊಮ್ಮಗಳು ಸಾಲಿಗೆ ಹೋಗ್ಯಾಳ” ಅಂತ ಹೇಳು.

ನಿನ್ನ ಮಾವ,
ಚಂದಪ್ಪ