ಭಾನುವಾರದ ಪೂಜೆಯಲ್ಲಿ ಕೇಳದ ದನಿ

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ತಂಗಿ ನಗಾರಿಗೆ,

ಮಠದಲ್ಲಿ ನಿನಗೆ ಕೊಟ್ಟ ಹೆಸರನ್ನು ಲಕೋಟೆಯ ಮೇಲೆ ಸರಿಯಾಗಿಯೇ ಬರೆದಿದ್ದೇನೆ. ಒಳಗೆ ಮಾತ್ರ ಅಪ್ಪ ಕರೆಯುತ್ತಿದ್ದ ಹೆಸರೇ ಇರಲಿ. ತೊಟ್ಟಿಲಲ್ಲಿ ನೀನು ಅತ್ತರೆ ಬೀದಿಯ ಆ ತುದಿಯವರು ಬಂದು ಏನಾಯಿತೆಂದು ವಿಚಾರಿಸುತ್ತಿದ್ದರಂತಲ್ಲ, ಆ ಹೆಸರನ್ನು ನೀನು ಸಂಪಾದಿಸಿದ್ದು, ಸುಮ್ಮನೆ ಬಂದದ್ದಲ್ಲ. ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಕಲ್ಲು ನೆಲದ ಮೇಲೆ ಮೊಣಕಾಲೂರುವಾಗ ಕೆಳಗೊಂದು ಮಡಿಸಿದ ಬಟ್ಟೆ ಹಾಕಿಕೋ ಎಂದು ಹೋದ ಸಲವೇ ಬರೆದಿದ್ದೆ. ದೇವರು ಬಟ್ಟೆ ಲೆಕ್ಕ ಹಾಕುವುದಿಲ್ಲ. ತಪಸ್ಸುಕಾಲದ ಈ ನಲವತ್ತು ದಿನ ನೀವು ಪತ್ರ ಬರೆಯುವುದಿಲ್ಲ, ಬಂದದ್ದನ್ನೂ ಪಾಸ್ಖ ಹಬ್ಬದ ತನಕ ಎತ್ತಿಡುತ್ತಾರೆ ಎಂದು ನನಗೆ ಗೊತ್ತು. ಅದಕ್ಕೇ ಲಕೋಟೆಯ ಮೂಲೆಯಲ್ಲಿ ‘ತಾಯಿಯ ವಿಷಯ’ ಎಂದು ಬರೆದಿದ್ದೇನೆ. ನಿಮ್ಮ ಮಠದ ಮದರ್ ದೊಡ್ಡ ಮನಸ್ಸು ಮಾಡಿ ನಿನ್ನ ಕೈಗೆ ಕೊಟ್ಟಾರು ಎಂಬ ಆಸೆ. ಎದೆ ಬಡಿದುಕೊಳ್ಳಬೇಡ, ಅಮ್ಮ ಚೆನ್ನಾಗಿದ್ದಾಳೆ. ವಿಷಯ ಬೇರೆ ಇದೆ, ಕ್ರಮವಾಗಿ ಹೇಳುತ್ತೇನೆ.

ಸೊಂಟದ ಮೂಳೆ ಮುರಿದ ಮೇಲೆ ಅಮ್ಮನನ್ನು ನಾವು ಇಲ್ಲಿಗೇ ಕರೆದುಕೊಂಡು ಬಂದದ್ದು ನಿನಗೆ ತಿಳಿದೇ ಇದೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಮಂಚ ಹಾಕಿದ್ದೇವೆ. ಈಗ ಕೋಲು ಹಿಡಿದು ಬಚ್ಚಲ ತನಕ ಹೋಗುತ್ತಾಳೆ, ನಾಲಿಗೆಗಂತೂ ಯಾವ ಕೋಲೂ ಬೇಕಾಗಿಲ್ಲ. ನಿನ್ನ ಭಾವ ಹಿತ್ತಲಿನ ಮರಗೆಲಸದ ಶೆಡ್ಡಿನಿಂದ ಒಂದು ಬಾಗಿಲಿನ ಚೌಕಟ್ಟನ್ನು ಒಳಗೆ ತಂದರೆ ಸಾಕು, “ನಿನ್ನ ಹೊಟ್ಟು ನನ್ನ ಗಂಜಿಗೆ ಬೀಳ್ತಿದೆ ಕಣಪ್ಪಾ” ಎಂದು ಶುರು ಮಾಡುತ್ತಾಳೆ. ಅವರು “ನಾರಿನಂಶ ಅತ್ತೆ, ಒಳ್ಳೇದು” ಎನ್ನುತ್ತಾರೆ. ನಾನು ಎಂದಿನಂತೆ ಆಸ್ಪತ್ರೆಯ ಲಾಂಡ್ರಿಗೆ ಬೆಳಗಿನ ಪಾಳಿಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಬೆಂದ ಬದನೆಕಾಯಿ ಆಗಿ ಬರುತ್ತೇನೆ. ಹಾಸಿಗೆ ಬಟ್ಟೆಯ ಕಲೆ ಹೋದರೂ ನನ್ನ ಕೈಗೆ ಅಂಟಿದ ಸೋಪಿನ ವಾಸನೆ ಹೋಗುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಪ್ರಾರ್ಥನೆಯೂ ಫೋನಿನಲ್ಲಿ. ನಗಬೇಡ. ಎಲ್ಲ ನನ್ನ ಸೊಸೆಯ ಕೆಲಸ. ಬ್ಯಾಂಕಿನಿಂದ ಬಂದವಳೇ ಅಮ್ಮನ ಪಕ್ಕ ಕೂತು ಒಂದೊಂದಾಗಿ ತೋರಿಸಿದಳು. ದಿನದ ಶುಭಸಂದೇಶದ ವಾಚನ ಬೆಳಿಗ್ಗೆ ತಾನಾಗಿಯೇ ಬಂದು ಕೂತಿರುತ್ತದೆ. ಬಸ್ಸಿನಲ್ಲಿ ಒಂದು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತೇನೆ, ಇನ್ನೊಂದು ಕಿವಿ ಕಂಡಕ್ಟರನಿಗೆ. ಜಪಸರ ಹೇಳಿಕೊಡುವುದೂ ಒಂದಿದೆ, ಹತ್ತು ನಮೋ ಮರಿಯ ಆದಾಗ ಕೈಯಲ್ಲಿ ಗುರ್ ಎನ್ನುತ್ತದೆ. ನಿನ್ನ ಭಾವ ಅರ್ಧದಲ್ಲೇ ಗೊರಕೆ ಹೊಡೆದು, ಎದ್ದ ಮೇಲೆ “ನನ್ನ ಪಾಲಿಂದೂ ಅದೇ ಹೇಳಿದೆ ಬಿಡು” ಎಂದರು. ಒಂದು ಕಡೆ ಬೆರಳು ಒತ್ತಿದರೆ ಮೇಣದಬತ್ತಿ ಹೊತ್ತಿಕೊಳ್ಳುತ್ತದೆ. ಅಮ್ಮ ಅದನ್ನು ಊದಿ ನೋಡಿದಳು. ಆರಲಿಲ್ಲ. “ಆರದೆ ಇರೋದನ್ನ ಹಚ್ಚಿ ಏನು ಬಂತು” ಎಂದು ಫೋನು ಹಿಂದಕ್ಕೆ ಕೊಟ್ಟಳು. ನನಗೂ ಅಷ್ಟೇ ಅನಿಸಿತು. ಆದರೆ ಹಾಸಿಗೆ ಹಿಡಿದವರಿಗೆ, ಚರ್ಚಿನ ಮೆಟ್ಟಿಲು ಹತ್ತಲಾಗದವರಿಗೆ ಇವೆಲ್ಲ ದೊಡ್ಡ ಆಸರೆಯೇ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಹೀಗೆ ಹುಡುಕುವಾಗ ಸೊಸೆಗೆ ನಿಮ್ಮ ಮಠದ ಪುಟ ಸಿಕ್ಕಿತು. ನಿಮಗೇ ಅದು ಕಾಣಿಸುತ್ತದೋ ಇಲ್ಲವೋ. ನೀವು ಏಳುವ ಹೊತ್ತು, ಮೌನದ ಹೊತ್ತು, ತೋಟ, ಪ್ರಸಾದದ ರೊಟ್ಟಿ ಸುಡುವ ಕೋಣೆ, ಮಠ ಸೇರಬಯಸುವವರಿಗೆ ಪ್ರಶ್ನೋತ್ತರ, ಎಲ್ಲ ಇದೆ. ಮುಖ ಮಾತ್ರ ಒಂದೂ ಇಲ್ಲ. ಕೆಳಗಡೆ ‘ಸಂಜೆಯ ಪ್ರಾರ್ಥನೆ ಕೇಳಿ’ ಎಂದಿತ್ತು. ಒತ್ತಿದಳು. ಪೀಠವೂ ಎರಡು ದೀಪವೂ ಕಂಡವು, ನೀವು ಮರೆಯಾಗಿ ಕೂರುವ ಕಂಬಿಯ ಹಿಂದಿನಿಂದ ದನಿಗಳು ಬಂದವು. ಅಮ್ಮ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು.

ಅವಳ ಸಿಟ್ಟು ನಿನಗೆ ಹೊಸದಲ್ಲ. ನೀನು ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ನಿಂತಾಗ ತಲೆಯ ಮೇಲೆ ಕೈ ಇಡದೆ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಾ ಕೂತಿದ್ದಳು. “ದೇವರಿಗೆ ನನ್ನ ಮಗಳೇ ಬೇಕಿತ್ತಾ? ಪಕ್ಕದ ಮನೇಲಿ ಮೂವರಿದ್ರಲ್ಲ” ಎಂದವಳು. ನಿನ್ನ ವ್ರತದ ದಿನ ಬರಲಿಲ್ಲ. ನಿನ್ನ ಪತ್ರವನ್ನು ನಾನು ಗಟ್ಟಿಯಾಗಿ ಓದುವಾಗಲೆಲ್ಲ ಅವಳಿಗೆ ಪಕ್ಕದ ಕೋಣೆಯಲ್ಲೇ ಏನೋ ಕೆಲಸವಿರುತ್ತಿತ್ತು, ಕಿವಿ ಇತ್ತಲೇ. ಇಷ್ಟು ವರ್ಷ ನಿನಗೆ ಅವಳಿಂದ ಒಂದು ಸಾಲೂ ಇಲ್ಲ, ಒಂದು ಆಶೀರ್ವಾದವೂ ಇಲ್ಲ.

ಮೊದಲ ಕೀರ್ತನೆ ಮುಗಿಯುವುದರೊಳಗೆ ಅಮ್ಮ ಇತ್ತ ತಿರುಗಿದಳು. ನಿನಗೊಂದು ಚಾಳಿ ಇದೆಯಲ್ಲ, ಸಾಲಿನ ಕೊನೆಗೆ ಎಲ್ಲರೂ ನಿಲ್ಲಿಸಿದ ಮೇಲೂ ಅರ್ಧ ಉಸಿರು ಎಳೆಯುವುದು? ಅದು ಕೇಳಿತು. ಅಷ್ಟು ದನಿಗಳಲ್ಲಿ ಕಲ್ಲಿನ ನಡುವಿನ ನೀರಿನ ಹಾಗೆ. “ಬಾಲ ಬಿಡ್ತಾಳೆ ನೋಡು, ಇನ್ನೂ ಬಾಲ ಬಿಡ್ತಾಳೆ!” ಎಂದು ಅಮ್ಮ ಮೊಣಕೈ ಊರಿ ಎದ್ದು ಕೂತಳು. ಅಂದಿನಿಂದ ಪ್ರತಿ ಸಂಜೆ ಅವಳಿಗೆ ಟಿ.ವಿ. ಬೇಡ. “ನಗಾರಿ ಬರೋ ಹೊತ್ತಾಯ್ತು” ಎಂದು ಕನ್ನಡಕ ಹಾಕಿಕೊಳ್ಳುತ್ತಾಳೆ. ಕೇಳುವುದಕ್ಕೆ ಕನ್ನಡಕ ಯಾಕೋ ನಾ ಕಾಣೆ. ನಿನ್ನ ಜೊತೆ ಮಾತೂ ಆಡುತ್ತಿದ್ದಳು. “ಉಸಿರು ತಗೊಳ್ಳೇ.” “ಎದೆ ಕಟ್ಟಿದೆ ಇವತ್ತು, ತಣ್ಣೀರು ಕುಡಿದಿದ್ದಾಳೆ.” ನಿನ್ನ ಭಾವ ಮಾತ್ರ ತಮ್ಮ ಕಸುಬಿಗೆ ತಕ್ಕಂತೆ, ಎರಡನೇ ಕೀರ್ತನೆಯ ನಡುವೆ ಯಾವುದೋ ಬಾಗಿಲು ಕಿರ್ ಎನ್ನುವುದನ್ನು ಹಿಡಿದು “ದಿನಾ ಅದೇ ಜಾಗಕ್ಕೆ ಕಿರುಗುಟ್ಟತ್ತೆ, ಒಂದು ತೊಟ್ಟು ಎಣ್ಣೆ ಹಾಕೋರಿಲ್ವಾ ಮಠದಲ್ಲಿ” ಎಂದು ಗೊಣಗುತ್ತಿದ್ದರು. ಆಗಲಾದರೂ ನಮಗೆ ಹೊಳೆಯಬೇಕಿತ್ತು.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂತು. ಹಣೆಯ ಬೂದಿ ಒರೆಸದೆಯೇ ಸಂಜೆ ಕೂತೆವು. ಪ್ರಾರ್ಥನೆಯ ಆರಂಭದಲ್ಲೇ, ಪಾಸ್ಖದ ತನಕ ಯಾರೂ ಹಾಡಬಾರದ ಆ ಸಂಭ್ರಮದ ಅಲ್ಲೆಲೂಯ! ಅಮ್ಮ ಹಾರಿಬಿದ್ದಳು. “ತಪಸ್ಸುಕಾಲದಲ್ಲಿ ಅಲ್ಲೆಲೂಯ ಅಂದುಬಿಟ್ಳು! ಬಾಯಿಗೆ ಬಂದಿದ್ದು ಹಾಡೋದೇ ಇವಳ ಬುದ್ಧಿ. ಮದರ್ ಬೈತಾರೆ ಈಗ.” ನೀನೊಬ್ಬಳೇ ತಪ್ಪಿದ್ದು, ಉಳಿದವರು ನಿನ್ನ ಹಿಂದೆ ಬಂದರು ಎಂದೇ ಅವಳ ತೀರ್ಮಾನ. ರಾತ್ರಿ ಊಟಕ್ಕೆ ಕೂತಾಗಲೂ ನಿನಗೆ ಏನು ಶಿಕ್ಷೆ ಕೊಡುತ್ತಾರೋ ಎಂಬುದೇ ಚಿಂತೆ. ಮರುದಿನವೂ ಇಡೀ ಮಠ ಸಂಭ್ರಮದಿಂದ ಅಲ್ಲೆಲೂಯ ಹಾಡಿತು. ಆಗ ಸೊಸೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಇರುವೆಯಷ್ಟು ಸಣ್ಣ ಅಕ್ಷರ ಓದಿದಳು. ಸಂಜೆಯ ಪ್ರಾರ್ಥನೆ ಕಳೆದ ವರ್ಷದ ಪಾಸ್ಖ ಕಾಲದಲ್ಲಿ ರೆಕಾರ್ಡ್ ಮಾಡಿಟ್ಟದ್ದಂತೆ. ಭಾನುವಾರದ ಪೂಜೆಯೊಂದೇ ಆ ಹೊತ್ತಿನದು, ನೇರ ಬರುವುದು.

ನಿಮ್ಮದು ತಪ್ಪಲ್ಲ, ಬರೆದೇ ಇತ್ತು, ಓದದೆ ಹೋದದ್ದು ನಾವು. ಅಮ್ಮ ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟಳು. ಆಮೇಲೆ “ಹಾಗಾದ್ರೆ ನಾನು ಇಷ್ಟು ದಿನ ಹೋದ ವರ್ಷದವಳಿಗೆ ಉಸಿರು ತಗೋ ಅಂತಿದ್ದೆ” ಎಂದಳು.

ಭಾನುವಾರ ಪೂಜೆಗೆ ಕೂತೆವು. ಅದೇ ಪೀಠ, ಅದೇ ದೀಪ. ಗುರುಗಳು ಹೊಸಬರು, ಸ್ವಲ್ಪ ಮೂಗಿನಲ್ಲಿ ಓದುತ್ತಾರೆ. ಸಿಸ್ಟರುಗಳು ಹಾಡಿದರು. ಸಾಲಿನ ಕೊನೆಗೆ ಎಲ್ಲರೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಒಟ್ಟಿಗೆ ನಿಂತರು. ನಾನು ಫೋನನ್ನು ಕಿವಿಗಿಟ್ಟುಕೊಂಡು ಕೇಳಿದೆ. ನಿನ್ನ ಬಾಲ ಇಲ್ಲ. “ಅಡುಗೆ ಸರದಿ ಇರತ್ತೆ ಇವತ್ತು” ಎಂದಳು ಅಮ್ಮ. ಮುಂದಿನ ಭಾನುವಾರವೂ ಇಲ್ಲ. ಅಡುಗೆಯ ಮಾತು ಬರಲಿಲ್ಲ. ಮೊನ್ನೆಯ ಭಾನುವಾರ, ಪೂಜೆ ಮುಗಿಯುವ ಮೊದಲೇ ಆರಿಸಲು ಹೇಳಿ ಸೆರಗು ಮುಖದ ಮೇಲೆ ಎಳೆದುಕೊಂಡಳು.

ನಾನು ಕೈ ಕಟ್ಟಿ ಕೂತಿಲ್ಲ. ನಿಮ್ಮ ಬಾಗಿಲು ಕಾಯುವ ಸಿಸ್ಟರಿಗೆ ಫೋನು ಮಾಡಿದೆ. ತುಂಬಾ ಮೃದುವಾಗಿ “ಎಲ್ಲರೂ ದೇವರ ಕೈಯಲ್ಲಿ ಚೆನ್ನಾಗಿದ್ದಾರೆ” ಎಂದರು. ದೇವರ ಕೈಯಲ್ಲಿ ನಮ್ಮ ಅಪ್ಪನೂ ಇದ್ದಾರೆ, ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ವಂದನೆ ಹೇಳಿ ಫೋನು ಇಟ್ಟೆ. ಮಠದ ಪುಟದಲ್ಲಿ ‘ನಿಮ್ಮ ಪ್ರಾರ್ಥನೆಯ ಬಿನ್ನಹ ಕಳುಹಿಸಿ’ ಎಂಬ ಜಾಗವಿದೆ. ಸೊಸೆಯ ಕೈಲಿ ‘ನನ್ನ ತಂಗಿಯ ಆರೋಗ್ಯಕ್ಕಾಗಿ’ ಎಂದು ಬರೆಸಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ, ನಾವೆಲ್ಲ ಸೇರಿ ಇದಕ್ಕಾಗಿ ಪ್ರಾರ್ಥಿಸುತ್ತೇವೆ ಎಂದು. “ಇಷ್ಟು ಬೇಗ ಮಂಡಿನೂ ಊರೋಕಾಗಲ್ಲ” ಎಂದರು ನಿನ್ನ ಭಾವ. ಅದನ್ನು ಅಲ್ಲಿ ಓದಿ ಹೇಳಿದ್ದರೆ ನೀನು ನಿನಗಾಗಿಯೇ ಪ್ರಾರ್ಥಿಸಿರುತ್ತೀಯ, ಯಾರ ತಂಗಿ ಎಂದು ತಿಳಿಯದೆ.

ನೇರವಾಗಿ ಕೇಳುತ್ತೇನೆ. ಹಾಸಿಗೆ ಹಿಡಿದಿದ್ದೀಯಾ? ಗಂಟಲಿಗೆ ಏನಾದರೂ ಆಯಿತೇ? ನಮ್ಮ ಚಿಕ್ಕಮ್ಮನಿಗೆ ಆದ ಹಾಗೆ? ಅಥವಾ ಎಲ್ಲರೂ ಒಟ್ಟಿಗೆ ನಿಲ್ಲಿಸುವಾಗ ನೀನೊಬ್ಬಳು ಎಳೆಯುತ್ತೀಯೆಂದು ಸುಮ್ಮನಿರಲು ಹೇಳಿದ್ದಾರೋ? ಹೇಳಿದ್ದರೆ ವಿಧೇಯತೆಯ ವ್ರತ ತೊಟ್ಟವಳು ನೀನು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಇನ್ನೂ ಒಂದಿದೆ, ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಮಠ ಬಿಟ್ಟಿದ್ದರೆ, ಬಿಡುವ ಮನಸ್ಸಿದ್ದರೆ, ಅವರಿವರ ಮನೆಗೆ ಹೋಗಬೇಡ. ನೇರ ಇಲ್ಲಿಗೆ ಬಾ. ಒಳಕೋಣೆಯಲ್ಲಿ ಮಂಚಕ್ಕೆ ಜಾಗ ಇದೆ, ಮಂಚ ಮಾಡುವವರು ಹಿತ್ತಲಲ್ಲಿದ್ದಾರೆ. ಯಾರೂ ಯಾಕೆಂದು ಕೇಳುವುದಿಲ್ಲ, ಅಮ್ಮನನ್ನು ಬಿಟ್ಟು. ನಾನು ದಿನಾ ಬೆಳಿಗ್ಗೆ ಯಂತ್ರಕ್ಕೆ ಬಟ್ಟೆ ತುಂಬುವಾಗ ಈ ಒಂದೊಂದನ್ನೂ ತೂಗಿ ನೋಡಿ, ಯಾವುದಾದರೂ ಸರಿ, ಗೊತ್ತಾದರೆ ಸಾಕು ಎಂಬಲ್ಲಿಗೆ ಬಂದಿದ್ದೇನೆ.

ಮದರ್‌ಗೂ ಬಾಗಿಲ ಸಿಸ್ಟರಿಗೂ ನಮ್ಮೆಲ್ಲರ ವಂದನೆ ತಿಳಿಸು. ಮಾತೆ ಮರಿಯಮ್ಮ ನಿನ್ನ ಮಂಡಿಯನ್ನೂ ಗಂಟಲನ್ನೂ ಕಾಯಲಿ. ಉಪವಾಸ ಅತಿ ಮಾಡಬೇಡ, ನೀನು ಮೊದಲಿಂದಲೂ ಹಸಿವು ತಡೆಯುವವಳಲ್ಲ.

ಸದಾ ನಿನ್ನ ದಾರಿ ನೋಡುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಎದ್ದಳು. ಯಾರಿಗೆ ಎಂದು ಕೇಳಲಿಲ್ಲ, “ನಂದೂ ಬರಿ” ಎಂದಳು. ಹೇಳಿದ್ದು ಹೇಳಿದ ಹಾಗೆ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. “ಹಾಡೋಕಾಗದಿದ್ರೆ ಬಿಡಲಿ. ನಾನೇನು ಹಾಡಿಗೆ ಅವಳನ್ನ ಹೆತ್ತಿದ್ದಲ್ಲ. ಅವತ್ತು ತಲೆ ಮೇಲೆ ಕೈ ಇಡಲಿಲ್ಲ, ಈಗ ಇಟ್ಟಿದ್ದೀನಿ ಅಂತ ಬರಿ. ಅಲ್ಲೇ ಇದ್ರೆ ಭಾನುವಾರ ಪೂಜೇಲಿ ಒಂದ್ಸಲ ಕೆಮ್ಮಲಿ. ನನ್ನ ಮಗಳ ಕೆಮ್ಮು ನಂಗೆ ಗೊತ್ತಾಗತ್ತೆ.” ಮದರ್ ಅಪ್ಪಣೆ ಬೇಕಿದ್ದರೆ ಕೇಳು. ಕೆಮ್ಮಿಗೆ ತಪಸ್ಸುಕಾಲದಲ್ಲಿ ನಿಷೇಧವಿಲ್ಲ ಎಂದುಕೊಂಡಿದ್ದೇನೆ. ಪ್ರವಚನ ಮುಗಿಸಿ ಗುರುಗಳು ಕೂತ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಮೌನವಾಗಿರುತ್ತೀರಲ್ಲ, ಆಗ. ನಾವು ಇಲ್ಲಿ ಫ್ಯಾನ್ ಆರಿಸಿ ಕೂತಿರುತ್ತೇವೆ.