ಕತ್ತಿನ ಮೂರು ಗೆರೆ

ಹೊಳೆನರಸೀಪುರ
೨೪-೧೧-೨೦೨೪

ಪ್ರೀತಿಯ ಶಾಂತಕುಮಾರಿ,

ಚನ್ನರಾಯಪಟ್ಟಣದಲ್ಲಿ ಎಲ್ಲರೂ ಸೌಖ್ಯ ತಾನೆ? ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು.

ನಮ್ಮ ಪ್ರೇಕ್ಷಾಳ ಕತ್ತಿನ ಗಂಟು ಹೋಯಿತು ಕಣೇ. ನೆಲ್ಲಿಕಾಯಿಯಷ್ಟಿತ್ತು. ಕೆಟ್ಟ ಗಂಟಲ್ಲ ಎಂದಿದ್ದರೂ ನುಂಗುವಾಗ ತೊಂದರೆ ಕೊಡುತ್ತಿತ್ತು. ಎರಡು ವರ್ಷದಿಂದ ಅವಳಪ್ಪ ಆಪರೇಷನ್ ಎಂದಾಗಲೆಲ್ಲ ಅಡ್ಡಗಾಲು ಹಾಕಿದವಳು ನಾನೇ. ಮಗಳ ಕತ್ತು ಕುಯ್ಯಿಸಲು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಹಾಸನದ ಡಾಕ್ಟರ್ ಸಂಘಮಿತ್ರಾ, "ಕತ್ತಿನ ಮೇಲೆ ಕುಯ್ಯೋದೇ ಇಲ್ಲಮ್ಮ. ಕೆಳತುಟಿ ಒಳಗಡೆಯಿಂದ ಕ್ಯಾಮೆರಾ ಬಿಟ್ಟು ತೆಗೀತೀವಿ. ಹೊರಗೆ ಒಂದು ಗುರುತೂ ಇರಲ್ಲ" ಎಂದರು. ಅಲ್ಲೇ ಕೂತು ದಿನ ಗೊತ್ತು ಮಾಡಿಸಿದೆ. ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆಪರೇಷನ್ ಆದ ಮೂರನೇ ದಿನ ಮನೆಗೆ ಬಂದೆವು. ಗದ್ದ ಸ್ವಲ್ಪ ಊದಿತ್ತು, ಅಷ್ಟೆ. ಅರಕಲಗೂಡಿನಿಂದ ಚಂದ್ರಯ್ಯ ಚಿಕ್ಕಪ್ಪ ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದರು. ಅವಳ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಬ್ಯಾಂಡೇಜೇ ಇಲ್ವಲ್ಲ. ಡಾಕ್ಟ್ರು ನಿಂಗೆ ಮಂಕುಬೂದಿ ಎರಚವ್ರೆ ಕಣ್ಲಾ ಸಿದ್ದೇಶ" ಎಂದು ನಮ್ಮವರನ್ನು ತರಾಟೆಗೆ ತೆಗೆದುಕೊಂಡರು. ಹಣ್ಣಿನ ಚೀಲವನ್ನು ಕೆಳಗಿಡಲೇ ಇಲ್ಲ. ಪ್ರೇಕ್ಷಾ ತುಟಿ ಮಡಚಿ ಹೊಲಿಗೆ ತೋರಿಸಿದಳು.

"ಓ, ಅಂಗಾ? ತಗಳವ್ವ ಬ್ರೆಡ್ಡು" ಎಂದು ಆಗ ಕೊಟ್ಟರು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಅವಳು ಬಾಯಿ ಅದುಮಿಕೊಂಡು ಒಳಗೆ ಓಡಿದಳು.

ನಿನ್ನೆ ಸ್ನಾನ ಮಾಡಿ ಪೂಜೆಗೆ ಕೂತವಳು, "ಅಮ್ಮ, ನಿನ್ನ ಥರ ನನಗೂ ಕತ್ತಿಗೆ ವಿಭೂತಿ ಹಚ್ಚು" ಎಂದಳು. ಮೂರು ಬೆರಳಲ್ಲಿ ಎಳೆದೆ. ನುಣ್ಣಗೆ ಸಾಗಿತು. ನನಗಾದ ಸಂತೋಷವನ್ನು ಹೇಗೆ ಬರೆಯಲಿ?

ಮಕ್ಕಳಿಗೆ ನನ್ನ ಆಶೀರ್ವಾದ. ಶಿವ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಪ್ರೇಮಕುಮಾರಿ

ಇನ್ನೊಂದು ಮಾತು: ಕತ್ತಿಗೆಲ್ಲ ವಿಭೂತಿ ಬಳಿದುಕೊಂಡು ಬರುತ್ತೇನೆಂದು ಸ್ಟಾಫ್ ರೂಮಿನಲ್ಲಿ ನೀನು ನನ್ನನ್ನು "ಶರಣೆ ಬಂದಳು" ಎಂದು ರೇಗಿಸುತ್ತಿದ್ದೆಯಲ್ಲ, ಅದು ಭಕ್ತಿಯಲ್ಲ ಕಣೇ. ಮದುವೆಗೆ ಮುಂಚೆ ನನಗೂ ಇಂಥದ್ದೇ ಗಂಟು ತೆಗೆದಿದ್ದರು, ಕತ್ತು ಅಡ್ಡಕ್ಕೆ ಕುಯ್ದು. ನೋಡಲು ಬಂದ ಮೊದಲ ಗಂಡಿನವರು ಆ ಕಲೆ ನೋಡಿ, ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಮಾರನೆಯ ದಿನದಿಂದ ಮೂವತ್ತು ವರ್ಷ ಅದರ ಮೇಲೆ ವಿಭೂತಿ ಹಚ್ಚಿದ್ದೇನೆ. ನಿನ್ನೆ ಮಗಳ ಕತ್ತಿನ ಮೇಲೆ ಬೆರಳು ಸಾಗುವಾಗ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಹೆತ್ತ ಮಗಳ ಮೇಲೆ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಇವತ್ತು ಬೆಳಿಗ್ಗೆ ಹಣೆಗೆ ಮಾತ್ರ ಹಚ್ಚಿಕೊಂಡು ಪೇಟೆಗೆ ಹೋಗಿ ಹೂವು ತಂದೆ. ಯಾರೂ ಏನೂ ಕೇಳಲಿಲ್ಲ.