ಖಾತುನಬಿಯ ಸೊನ್ನೆ

ಗದಗ, ಹೆಂಗಸರ ವಾರ್ಡಿನ ಹೊರಗಿನ ಬೆಂಚು

ಡಾಕ್ಟರಾದ ನಮ್ಮೂರ ಮಗಳು ಶೃತಿಗೆ ಇನಾಯತ ಕಾಕಾನ ಸಲಾಮು.

ಒಳಗೆ ಗಂಡಸರನ್ನು ಬಿಡುವುದಿಲ್ಲ, ಅದಕ್ಕೇ ಈ ಚೀಟಿ. ಓದಿದ್ದು ಏಳನೇ ಇಯತ್ತೆಯಾದರೂ ನಮ್ಮೂರು ಅಂತೂರ ಬೆಂತೂರಿನಲ್ಲಿ ನನ್ನಂಥ ಅಕ್ಷರ ಯಾರದೂ ಇಲ್ಲ. ಬೇಕಾದರೆ ನಿಮ್ಮಪ್ಪ ಯಂಕಪ್ಪನನ್ನೇ ಕೇಳು.

ಹೊಟ್ಟೆಯ ಆಪರೇಶನ್ ಆದವರಿಗೆ ಯಾವ ಔಷಧದಿಂದ ನೋವು ಹೆಚ್ಚು ಇಳಿಯುತ್ತದೆ ಎಂದು ನೀನು ಸಂಶೋಧನೆ ಮಾಡುತ್ತಿದ್ದೀ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ನೀನು ಕೇಳಿದಾಗಲೆಲ್ಲ ಆಪರೇಶನ್ ಆಗಿ ಮಲಗಿರುವ ನಮ್ಮ ಖಾತುನಬಿ ಅಕ್ಕ ಸೊನ್ನೆ ಅಂದಳಂತೆ. ಅದು ಸುಳ್ಳು. ಬಾಗಿಲ ಸಂದಿಯಿಂದ ನಾನು ಬೈದರೆ, "ಸುಮ್ನಿರಲೇ, ಅಕಿ ನಮ್ಮೂರ ಹುಡುಗಿ. ನೋವು ಐತಿ ಅಂದ್ರ ಅಕಿ ಔಷಧ ಸೋತಂಗ ಆಗತೈತಿ, ದೊಡ್ಡ ಡಾಕ್ಟರು ಅಕಿಗೆ ಬೈತಾರ" ಅಂದಳು.

ನೋವು ಹೆಚ್ಚಾದರೆ ಅವಳು ಕಂಡವರ ಊಟ ವಿಚಾರಿಸುತ್ತಾಳೆ. ಹೆರಿಗೆ ನೋವಿನಲ್ಲೂ ಸೂಲಗಿತ್ತಿಗೆ "ಉಂಡಿಯೇನ?" ಎಂದು ಕೇಳಿದವಳು. ಇವತ್ತು ನರ್ಸಿಗೆ ಕೇಳಿದಳು, ಕಸ ಗುಡಿಸುವವಳಿಗೆ ಎರಡು ಸಲ ಕೇಳಿದಳು. ನಿನಗೆ ಕೇಳಿದಾಗ ನೀನು, "ಉಂಡೀನಿ ದೊಡ್ಡವ್ವ" ಎಂದು ನಕ್ಕು ಮುಂದೆ ಹೋದೆ.

ಔಷಧ ಸೋತರೂ ನಿನಗೆ ಯಾರೂ ಬೈಯುವುದಿಲ್ಲ ಎಂದು ನೀನೇ ಅವಳಿಗೆ ಹೇಳಬೇಕು. ನನ್ನ ಮಾತನ್ನು ಅವಳು ಎಂದೂ ನಂಬಿದವಳಲ್ಲ. ಹೇಳಿ, ಇನ್ನೊಮ್ಮೆ ಕೇಳಿ, ಜಲ್ದಿ ಸೂಜಿ ಮಾಡು. ನಾನು ಗಟ್ಟಿ ಮನುಷ್ಯ, ಹೋರಿಗೆ ಹೆದರಿದವನಲ್ಲ. ಆದರೂ ಈಗ ಆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೇನೆ.

ನಿನ್ನ ದಾರಿ ನೋಡುತ್ತಿರುವ
ಇನಾಯತ ಕಾಕಾ